ಹೆಸರು ಬದಲಿಸಿದ ಮಾತ್ರಕ್ಕೆ ಕಕ್ಷಿದಾರನ ಗುಟ್ಟು ಕಥೆಯಾಗದು

ವಕೀಲಿಕೆ ಬಿಟ್ಟು, ಇಲ್ಲವೇ ಅದರ ಜೊತೆಜೊತೆಗೇ, ಟಿವಿ ಚರ್ಚೆಗೂ ಕಾದಂಬರಿಗೂ ಹೊರಳುವವರು ಗೌರವಧನ, ರಾಯಧನ ಎಲ್ಲವನ್ನೂ ಕೂಲಂಕಷವಾಗಿ ವಿಚಾರಿಸುತ್ತಾರೆ. ಕಕ್ಷಿದಾರರ ವಿಷಯ ಎತ್ತಿದರೆ ಮಾತ್ರ ಸಿದ್ಧ ಉತ್ತರ: "ಕೇಸು ಯಾವತ್ತೋ ಮುಗೀತು ಸಾರ್, ಹೆಸರೂ ಬದಲಿಸಿದ್ದೀನಿ." ಕಾನೂನು ಓದಿದವರೇ ಹೀಗೆ ಹೇಳುತ್ತಾರಲ್ಲ ಎಂಬುದೇ ಬೇಸರ.

ಹಳೆಯ ಸಾಕ್ಷ್ಯ ಅಧಿನಿಯಮದ 126ನೇ ಕಲಂ ಈಗ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, 132ನೇ ಕಲಂ ಆಗಿದೆ. ಕಕ್ಷಿದಾರ ಹೇಳಿದ್ದು, ಅವನ ಕಾಗದಪತ್ರಗಳಲ್ಲಿ ನೀವು ಕಂಡದ್ದು, ನೀವು ಕೊಟ್ಟ ಸಲಹೆ, ಈ ಮೂರನ್ನೂ ಅವನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೊರಹಾಕುವಂತಿಲ್ಲ. ವಕಾಲತ್ತು ಮುಗಿದ ಮೇಲೂ ಈ ಬಾಧ್ಯತೆ ಉಳಿಯುತ್ತದೆಂದು ಆ ಕಲಮಿನ ವಿವರಣೆಯೇ ಹೇಳುತ್ತದೆ. ನಿಮ್ಮ ಗುಮಾಸ್ತರನ್ನೂ ಅದು ಬಿಟ್ಟಿಲ್ಲ. ಸನ್ನದನ್ನು, ಅಂದರೆ ವಕೀಲಿಕೆಯ ಪರವಾನಗಿಯನ್ನು, ವಕೀಲರ ಪರಿಷತ್ತಿಗೆ ಒಪ್ಪಿಸಿ ವೃತ್ತಿ ನಿಲ್ಲಿಸಿದವರೂ ಇದರಿಂದ ಬಿಡುಗಡೆಯಾದಂತಲ್ಲ. ಕಕ್ಷಿದಾರ ತೀರಿಕೊಂಡಿದ್ದರೂ ಬಾಯಿ ಬಿಡದಿರುವುದೇ ಕ್ಷೇಮ.

ಇನ್ನು ಹೆಸರು. ಅಣ್ಣತಮ್ಮಂದಿರ ನಡುವಿನ ಒಂದು ಆಸ್ತಿ ವಿಭಾಗದ ದಾವೆಯನ್ನು ಊಹಿಸಿಕೊಳ್ಳಿ. ಕಾದಂಬರಿಯಲ್ಲಿ ಊರು ಬೇರೆ, ಅಣ್ಣತಮ್ಮಂದಿರ ಜಾಗದಲ್ಲಿ ಅಕ್ಕತಂಗಿಯರು. ಆದರೆ ಪಾರ್ಶ್ವವಾಯು ಬಡಿದ ತಂದೆಯ ಹೆಬ್ಬೆರಳನ್ನು ಹಿರಿಮಗಳು ತಾನೇ ಹಿಡಿದು ಉಯಿಲಿಗೆ ಒತ್ತಿಸಿದಳು ಎಂಬ ವಿವರ ಇದ್ದ ಹಾಗೇ ಇದೆ. ಸಾಕ್ಷಿಕಟ್ಟೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ನಿಜದ ದಾವೆಯಲ್ಲಿ ನಿಮ್ಮ ಕಕ್ಷಿದಾರನಾಗಿದ್ದ ಹಿರಿಮಗ ನಿಮ್ಮ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಹೇಳಿದ್ದು. ಅವನ ತಮ್ಮ ಆ ಪುಟ ಓದಿದರೆ ಇದು ನಮ್ಮ ಮನೆ ಕಥೆ ಅಂತ ತಿಳಿಯುತ್ತದೆ, ಮೇಲ್ಮನವಿಗೆ ಸರಕೂ ಸಿಗುತ್ತದೆ. 'ಪಾತ್ರಗಳೆಲ್ಲ ಕಾಲ್ಪನಿಕ' ಎಂದು ಮೊದಲ ಪುಟದಲ್ಲಿ ಅಚ್ಚು ಹಾಕಿದ್ದು ಅಲ್ಲಿ ಯಾವ ಕೆಲಸಕ್ಕೂ ಬಾರದು.

ಹಸ್ತಪ್ರತಿಯ ಅಂಚಿನಲ್ಲಿ ಪ್ರತಿ ವಿವರದ ಪಕ್ಕ ಅದು ಎಲ್ಲಿಂದ ಬಂತೆಂದು ಬರೆಯಿರಿ: ತೆರೆದ ನ್ಯಾಯಾಲಯ, ಪ್ರಕಟವಾದ ತೀರ್ಪು, ಕಲ್ಪನೆ, ಫೈಲು. 'ಫೈಲು' ಎಂದು ಬರೆದದ್ದಕ್ಕೆ ವೇಷ ಹಾಕಲು ಹೋಗಬೇಡಿ, ತೆಗೆದೇಬಿಡಿ. ಕಥೆ ತಿರುಗುವುದೇ ಆ ಘಟನೆಯ ಮೇಲೆ ಅಂತಾದರೆ ಬೇರೆ ಘಟನೆ ಹುಟ್ಟಿಸಬೇಕು. ಜವಾನ ಹೆಸರು ಕೂಗುವ ರೀತಿ, ವಾಯಿದೆಗಾಗಿ ಹೇಳುವ ನೆಪಗಳು, ಪಾಟಿ ಸವಾಲಿನಲ್ಲಿ ಸಾಕ್ಷಿ ನೀರು ಕೇಳುವ ಹೊತ್ತು, ಇವು ಯಾವ ಕಕ್ಷಿದಾರನ ಸ್ವತ್ತೂ ಅಲ್ಲ, ಎಷ್ಟು ಬೇಕಾದರೂ ಬಳಸಿ. ಆದರೆ ನ್ಯಾಯಾಲಯದಲ್ಲಿ ನಡೆದದ್ದೆಲ್ಲ ಬಹಿರಂಗ ಅಂತಲೂ ತಿಳಿಯಬೇಡಿ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನ ಪ್ರಕಾರ ಆ ಕಾಯ್ದೆಯಡಿ ನಡೆಯುವ ಕಲಾಪ ಗೋಪ್ಯ. ಅನುಮತಿ ಪಡೆದು ಅಚ್ಚು ಮಾಡಿದ ಹೈಕೋರ್ಟ್, ಸುಪ್ರೀಂ ಕೋರ್ಟ್ ತೀರ್ಪುಗಳು ಮಾತ್ರ ಹೊರತು. ಲೈಂಗಿಕ ಅಪರಾಧದ ಸಂತ್ರಸ್ತೆಯ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಹೆಸರನ್ನಷ್ಟೇ ಅಲ್ಲ, ಗುರುತು ಹಿಡಿಯಲು ಸಾಕಾಗುವ ಯಾವ ಸಂಗತಿಯನ್ನೂ ಪ್ರಕಟಿಸಬಾರದು ಎನ್ನುತ್ತದೆ. ಶಿಕ್ಷೆ ಎರಡು ವರ್ಷದವರೆಗೆ.

ಟಿವಿಗೆ ಹೋಗಲು ಅಡ್ಡಿಯಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮ 51 ಪ್ರಸಾರ, ಪತ್ರಿಕಾ ವೃತ್ತಿ ಎರಡಕ್ಕೂ ಅವಕಾಶ ಕೊಟ್ಟಿದೆ. ನಿಯಮ 49ರ ಪ್ರಕಾರ ಪೂರ್ಣಕಾಲಿಕ ಸಂಬಳದ ಕೆಲಸ ಹಿಡಿದರೆ ರಾಜ್ಯ ಪರಿಷತ್ತಿಗೆ ತಿಳಿಸಿ ವೃತ್ತಿ ನಿಲ್ಲಿಸಬೇಕು. ಒಪ್ಪಂದದಲ್ಲಿ 'ಸಲಹೆಗಾರ' ಅಂತಿದ್ದರೂ ದಿನವಿಡೀ ಹಾಜರಿ, ತಿಂಗಳ ಸಂಬಳ ಇದ್ದರೆ ತೊಂದರೆ ಬರುವ ಸಂಭವವೇ ಹೆಚ್ಚು. ಜಾಹೀರಾತು ನಿಷೇಧಿಸುವ ನಿಯಮ 36, ನೀವು ನಡೆಸಿದ ಕೇಸಿನ ಬಗ್ಗೆ ಪತ್ರಿಕೆಯಲ್ಲಿ ಟಿಪ್ಪಣಿ ಬರಿಸುವುದನ್ನೂ, ಅದರ ಸಂಬಂಧ ಫೋಟೊ ಹಾಕಿಸುವುದನ್ನೂ ತಡೆಯುತ್ತದೆ. ಆದ್ದರಿಂದ ಯಾವ ಯಾವ ಕೇಸುಗಳ ಬಗ್ಗೆ ಮಾತಾಡುವುದಿಲ್ಲವೆಂದು ವಾಹಿನಿಯವರಿಗೆ ಮೊದಲೇ ಬರೆದು ಕೊಡಿ. ಪರದೆ ಮೇಲೆ ಹೆಸರಿನ ಕೆಳಗೆ 'ವಕೀಲರು' ಅಂತಿದ್ದರೆ ಸಾಕು; ಮೊಬೈಲ್ ಸಂಖ್ಯೆ ಬೇಡ.

ಇಷ್ಟೆಲ್ಲ ಮಾಡಿದ ಮೇಲೂ ನೇರಪ್ರಸಾರದಲ್ಲಿ ನಿರೂಪಕರು ಕೇಳಿಯೇ ಕೇಳುತ್ತಾರೆ: "ನಿಮ್ಮ ಕಕ್ಷಿದಾರ ನಿಮ್ಮ ಹತ್ರ ತಪ್ಪೊಪ್ಪಿಕೊಂಡಿದ್ದಾರಂತೆ?" ಥಟ್ಟನೆ "ಇಲ್ಲ" ಎಂದಿರೋ, ಅದೂ ಒಳಗಿನ ಮಾತು ಹೊರಗಿಟ್ಟಂತೆಯೇ. ಇವತ್ತು ಒಬ್ಬನ ಬಗ್ಗೆ "ಇಲ್ಲ" ಎಂದವರು ನಾಳೆ ಇನ್ನೊಬ್ಬನ ಬಗ್ಗೆ ಸುಮ್ಮನಿದ್ದರೆ ಕೇಳುಗರು "ಹೌದು" ಅಂತಲೇ ಲೆಕ್ಕ ಹಾಕುತ್ತಾರೆ. "ಆ ಕೇಸಿನಲ್ಲಿ ನಾನೇ ವಕೀಲ, ಮಾತಾಡೋ ಹಾಗಿಲ್ಲ. ಜಾಮೀನಿನ ಕಾನೂನು ಬೇಕಾದರೆ ಹೇಳ್ತೀನಿ" ಎನ್ನುವುದಕ್ಕೆ ಹತ್ತು ಸೆಕೆಂಡೂ ಬೇಡ.

ಕಕ್ಷಿದಾರನ ಕಥೆಯೇ ಬೇಕೆಂಬ ಹಟವಿದ್ದರೆ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಯಾವ ಸಂಗತಿಗಳು ಎಂಬುದು ಅದರಲ್ಲಿ ಒಂದೊಂದಾಗಿ ಇರಲಿ. ಪುಸ್ತಕ, ಟಿವಿ, ವೆಬ್ ಸರಣಿಗೆ ಬೇರೆ ಬೇರೆ ಸಹಿ ಇರಲಿ. ಸಂಬಂಧಪಟ್ಟ ಪುಟಗಳನ್ನು ಅವನಿಗೆ ಓದಿ ಹೇಳಿ. ಒಂದೇ ದಾವೆಯಲ್ಲಿ ಅವನ ಜೊತೆ ಇನ್ನಿಬ್ಬರು ನಿಮ್ಮ ಕಕ್ಷಿದಾರರಾಗಿದ್ದರೆ ಅವರ ಸಹಿಯೂ ಬೇಕು. ನಮ್ಮ ಜನ ದಾಕ್ಷಿಣ್ಯಕ್ಕೆ ಬೀಳುವವರು; ಕೇಸು ಗೆಲ್ಲಿಸಿಕೊಟ್ಟ ವಕೀಲರು ಕೇಳಿದರೆ ಬೇಡ ಎನ್ನಲಾಗದೆ "ನೀವು ಹೇಗೆ ಹೇಳ್ತೀರೋ ಹಾಗೆ ಸಾರ್" ಎಂದುಬಿಡುತ್ತಾರೆ. ಅದನ್ನು ಸ್ಪಷ್ಟ ಒಪ್ಪಿಗೆ ಅಂತ ಬರೆದುಕೊಳ್ಳಬೇಡಿ.