ಕಾಲೇಜಿನಲ್ಲಿ ಓದಿದ್ದು ಹೈಸ್ಕೂಲಿನ ಲೆಕ್ಕಕ್ಕೂ ಬರುತ್ತಾ?

ಓದುಗರ ಪ್ರಶ್ನೆ: ನಾವಿರುವುದು ಅಮೆರಿಕದ ಸಿಯಾಟಲ್ ಹತ್ತಿರ. ಮಗಳು ಈಗ ಹತ್ತನೇ ತರಗತಿ. ಮುಂದಿನ ವರ್ಷ ಹೈಸ್ಕೂಲು ಮಕ್ಕಳು ಕಾಲೇಜಿನಲ್ಲಿ ಓದುವ ‘ರನ್ನಿಂಗ್ ಸ್ಟಾರ್ಟ್’ ಯೋಜನೆಗೆ ಸೇರಿ ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸರ್ಕಾರಿ ಕಾಲೇಜು) ಹೋಗುತ್ತೇನೆ ಅನ್ನುತ್ತಿದ್ದಾಳೆ. ಅಲ್ಲಿ ಓದಿದ್ದು ಹೈಸ್ಕೂಲಿಗೂ ಲೆಕ್ಕವಂತೆ, ಕಾಲೇಜಿಗೂ ಲೆಕ್ಕವಂತೆ, ಫೀಸೂ ಇಲ್ಲವಂತೆ. ಇಷ್ಟು ಸಲೀಸಾ? ಎಲ್ಲೋ ಏನೋ ಸಿಕ್ಕು ಇರಲೇಬೇಕಲ್ಲ?

ಉತ್ತರ: ನಿಮ್ಮ ಮಗಳು ಹೇಳಿದ್ದು ಹೆಚ್ಚುಕಡಿಮೆ ಸರಿ. ಸಿಕ್ಕು ಇದೆ ಅನ್ನುವ ನಿಮ್ಮ ಅನುಮಾನವೂ ಸರಿ. ಹೈಸ್ಕೂಲಿನ ಲೆಕ್ಕಕ್ಕೆ ಅದು ಬಂದೇ ಬರುತ್ತದೆ. ಮುಂದೆ ಸೇರುವ ಯೂನಿವರ್ಸಿಟಿಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ಮಾತ್ರ ಬೇರೆ ಕೌಂಟರಿನಲ್ಲಿ ಕೇಳಬೇಕಾದ ಪ್ರಶ್ನೆ. ಬಹಳಷ್ಟು ಅಪ್ಪ ಅಮ್ಮಂದಿರು ಎರಡನ್ನೂ ಒಂದೇ ಅಂದುಕೊಂಡುಬಿಡುತ್ತಾರೆ.

ಮೊದಲು ಹೈಸ್ಕೂಲಿನ ಕಡೆ ನೋಡೋಣ. ಹೈಸ್ಕೂಲು ಮಕ್ಕಳಿಗೆ ಕಾಲೇಜಿನ ಬಾಗಿಲು ತೆಗೆಯುವ ಇಂಥ ಕಾನೂನನ್ನು ಮೊದಮೊದಲು ತಂದ ರಾಜ್ಯಗಳಲ್ಲಿ ಒಂದು ಮಿನ್ನೆಸೋಟ, 1985ರಲ್ಲಿ. ನೀವಿರುವ ವಾಷಿಂಗ್ಟನ್ ರಾಜ್ಯ 1990ರಲ್ಲಿ ಅದೇ ದಾರಿ ಹಿಡಿಯಿತು. ಅದೇ ಈ ರನ್ನಿಂಗ್ ಸ್ಟಾರ್ಟ್. ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳು (ಅಮೆರಿಕದಲ್ಲಿ ಅದೂ ಹೈಸ್ಕೂಲೇ) ಕಾಲೇಜಿನ ಕ್ಲಾಸಿನಲ್ಲೇ, ಕಾಲೇಜು ವಿದ್ಯಾರ್ಥಿಗಳ ಪಕ್ಕದಲ್ಲೇ ಕೂತು ಪಾಠ ಕೇಳುತ್ತಾರೆ. ಪಕ್ಕದ ಸೀಟಿನಲ್ಲಿ ಇಬ್ಬರು ಮಕ್ಕಳ ತಾಯಿ ಇರಬಹುದು, ಸೈನ್ಯದಿಂದ ವಾಪಸ್ ಬಂದವರೂ ಇರಬಹುದು.

ಲೆಕ್ಕ ಹೀಗಿದೆ. ಒಂದೊಂದು ಕೋರ್ಸು ಪಾಸಾದಾಗಲೂ ಇಷ್ಟು ಅಂತ ಕ್ರೆಡಿಟ್ ಸಿಗುತ್ತದೆ, ಬೇಕಾದಷ್ಟು ಕ್ರೆಡಿಟ್ ಸೇರಿದರೆ ಓದು ಮುಗಿದಂತೆ. ಕಾಲೇಜಿನ 5 ಕ್ವಾರ್ಟರ್ ಕ್ರೆಡಿಟ್ ಅಂದರೆ ಹೈಸ್ಕೂಲಿನ 1 ಕ್ರೆಡಿಟ್. ಒಂದು ಕ್ವಾರ್ಟರ್ ಅಂದರೆ ಸುಮಾರು ಹನ್ನೊಂದು ವಾರ. ಹೈಸ್ಕೂಲಿನಲ್ಲಿ ವರ್ಷವಿಡೀ ಇಂಗ್ಲಿಷ್ ಓದಿದರೆ ಸಿಗುವುದು 1 ಕ್ರೆಡಿಟ್. ಕಾಲೇಜಿನಲ್ಲಿ ಇಂಗ್ಲಿಷ್ 101 ಅನ್ನುವ ಒಂದು ಕೋರ್ಸು ಪಾಸಾದರೆ, ಹನ್ನೊಂದು ವಾರದಲ್ಲಿ ಅಷ್ಟೇ ಸಿಕ್ಕಿತು! ಪೂರ್ತಿ ಹೊರೆ ಹೊತ್ತುಕೊಂಡರೆ ಕ್ವಾರ್ಟರಿಗೆ 15 ಕ್ರೆಡಿಟ್, ಮೂರು ಕ್ವಾರ್ಟರಿಗೆ 45. ಹೈಸ್ಕೂಲಿನ ಲೆಕ್ಕದಲ್ಲಿ ಅದು 9. ಈ ರಾಜ್ಯದಲ್ಲಿ ಹೈಸ್ಕೂಲು ಮುಗಿಸಲು ಬೇಕಾದದ್ದು ಒಟ್ಟು 24. ಹಾಗೆ ಎರಡು ವರ್ಷ ಮಾಡಿದರೆ ಕಾಲೇಜಿನ 90 ಕ್ರೆಡಿಟ್ ಕೈಗೆ ಬರುತ್ತದೆ. ಸರಿಯಾದ ಕೋರ್ಸುಗಳನ್ನೇ ಆರಿಸಿಕೊಂಡಿದ್ದರೆ ಹೈಸ್ಕೂಲು ಡಿಪ್ಲೊಮಾದ (ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ) ಜೊತೆಗೇ ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯೂ ಆಗಿಬಿಡುತ್ತದೆ.

ಇದನ್ನು ಫೋನಿನಲ್ಲಿ ಅಮ್ಮನಿಗೆ ವಿವರಿಸಲು ಹೋಗಿ ನಾನು ಸೋತಿದ್ದೇನೆ. “ಹದಿನಾರು ವರ್ಷಕ್ಕೆ ಕಾಲೇಜು ತಾನೆ? ನೀನೂ ಪಿಯುಸಿಗೆ ಹೋಗಿದ್ದೆಯಲ್ಲ, ಅದರಲ್ಲೇನು ವಿಶೇಷ?” ಅಂದರು. ಅವರು ಹೇಳಿದ್ದರಲ್ಲೂ ನ್ಯಾಯವಿದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ ಎಲ್ಲರೂ ‘ಕಾಲೇಜಿಗೆ’ ಹೋದವರೇ. ಆದರೆ ಪಿಯುಸಿಯಲ್ಲಿ ಎಷ್ಟೇ ಚೆನ್ನಾಗಿ ಓದಿದರೂ ಬಿ.ಎಸ್ಸಿ.ಯ ಒಂದು ಪೇಪರೂ ಕಡಿಮೆ ಆಗುವುದಿಲ್ಲ. ಇಲ್ಲಿ ಆಗಬಹುದು. ವ್ಯತ್ಯಾಸ ಇಷ್ಟೇ.

ಹೈಸ್ಕೂಲಿನ ಕಡೆಯೂ ಒಂದು ಎಚ್ಚರ ಬೇಕು. 24 ಕ್ರೆಡಿಟ್ ಅಂದರೆ ಯಾವುದೋ 24 ಅಲ್ಲ. ಇಂಗ್ಲಿಷ್ 4, ಗಣಿತ 3, ವಿಜ್ಞಾನ 3, ಸಮಾಜ 3 ಹೀಗೆ ಖಾನೆಗಳಿವೆ. ಸಿವಿಕ್ಸ್, ಆರೋಗ್ಯ, ವ್ಯಾಯಾಮ ಎಲ್ಲಕ್ಕೂ ಜಾಗ ಇದೆ. ಮಗಳು ಇಷ್ಟಪಟ್ಟು ಸೈಕಾಲಜಿ ಓದಿದರೆ ಕ್ರೆಡಿಟ್ ಸಿಗುತ್ತದೆ, ಆದರೆ ಅದು ಇಂಗ್ಲಿಷಿನ ಖಾನೆ ತುಂಬುವುದಿಲ್ಲ. ಯಾವ ಕೋರ್ಸು ಯಾವ ಖಾನೆಗೆ ಅನ್ನುವುದನ್ನು ಹೈಸ್ಕೂಲಿನ ಕೌನ್ಸಿಲರ್ ಹತ್ತಿರ ಕೂತು, ಕೋರ್ಸಿಗೆ ಸೇರುವ ಮೊದಲೇ ಬರೆಸಿಕೊಳ್ಳಿ. ಹೇಗಿದ್ದರೂ ಸೇರುವ ಫಾರಂಗೆ ಅವರ ಸಹಿ ಬೇಕೇ ಬೇಕು. ಹನ್ನೆರಡನೇ ತರಗತಿಯ ಕೊನೆಗೆ ‘ವ್ಯಾಯಾಮದ ಅರ್ಧ ಕ್ರೆಡಿಟ್ ಬಾಕಿ’ ಅಂತ ತಿಳಿದರೆ, ಕ್ಯಾಲ್ಕುಲಸ್‌ನಲ್ಲಿ ಎ ಬಂದಿದ್ದರೂ ಡಿಪ್ಲೊಮಾ ಸಿಗುವುದಿಲ್ಲ.

ಫೀಸಿನ ಮಾತು ಬೇಗ ಮುಗಿಸುತ್ತೇನೆ. ನಿಗದಿಯಾದ ಕ್ರೆಡಿಟ್ ಮಿತಿಯೊಳಗೆ ಓದಿದರೆ ಟ್ಯೂಷನ್, ಅಂದರೆ ಕಾಲೇಜಿನ ಪಾಠದ ಫೀಸು, ಇಲ್ಲ. ಪುಸ್ತಕ, ಸಣ್ಣಪುಟ್ಟ ಫೀಸು, ಓಡಾಟದ ಖರ್ಚು ನಿಮ್ಮದು. ಆದಾಯ ಕಡಿಮೆ ಇರುವ ಮನೆಯವರಿಗೆ ಅದರಲ್ಲೂ ವಿನಾಯಿತಿ ಇದೆ. ಸ್ಕೂಲ್ ಬಸ್ಸು ಕಾಲೇಜಿಗೆ ಬಿಡುತ್ತದೆ ಅಂದುಕೊಳ್ಳಬೇಡಿ. ಮಗಳಿಗೆ ಲೈಸೆನ್ಸ್ ಬರುವವರೆಗೂ ಡ್ರೈವರ್ ಕೆಲಸ ನಿಮಗೇ.

ಇನ್ನು ಎರಡನೇ ಕೌಂಟರು. ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ದಾರಿ ಸುಲಭ. ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ತನ್ನ ವೆಬ್‌ಸೈಟಿನಲ್ಲಿ ಕಮ್ಯುನಿಟಿ ಕಾಲೇಜುಗಳ ಯಾವ ಕೋರ್ಸು ತನ್ನ ಯಾವ ಕೋರ್ಸಿಗೆ ಸಮ ಅನ್ನುವ ಪಟ್ಟಿಯನ್ನೇ ಇಟ್ಟಿದೆ. ಕಮ್ಯುನಿಟಿ ಕಾಲೇಜಿನ ಮ್ಯಾಥ್ 151, ಅಂದರೆ ಮೊದಲ ಕ್ಯಾಲ್ಕುಲಸ್, ಅಲ್ಲಿ ಮ್ಯಾಥ್ 124 ಆಗುತ್ತದೆ. ಕೈಯಲ್ಲಿ 90 ಕ್ರೆಡಿಟ್ ಇದ್ದರೂ ಅರ್ಜಿ ಹಾಕುವುದು ಮಾತ್ರ ಮೊದಲ ವರ್ಷದ ವಿದ್ಯಾರ್ಥಿಯಾಗಿಯೇ. ಕಂಪ್ಯೂಟರ್ ಸೈನ್ಸ್ ಸೀಟಿಗೆ ಇದು ಹಿಂಬಾಗಿಲಲ್ಲ.

ಖಾಸಗಿ ಯೂನಿವರ್ಸಿಟಿಗಳ ಕತೆ ಬೇರೆ. ಹೆಸರಾಂತವುಗಳಲ್ಲಿ ಹಲವು, ‘ಈ ಕೋರ್ಸನ್ನು ಹೈಸ್ಕೂಲು ಮುಗಿಸಲು ಬಳಸಿದ್ದೀಯಲ್ಲ, ಮತ್ತೆ ನಮ್ಮ ಹತ್ತಿರ ಯಾಕೆ ತಂದೆ?’ ಅನ್ನುತ್ತವೆ. ಒಂದೇ ರಸೀದಿ ಎರಡು ಕಡೆ ನಡೆಯುವುದಿಲ್ಲ ಅನ್ನುವುದು ಅವರ ವಾದ. ಮಗಳ ಕಣ್ಣು ಅಂಥ ಕಡೆ ಇದ್ದರೆ ಕ್ರೆಡಿಟ್ ಉಳಿತಾಯದ ಆಸೆ ಬಿಡಿ. ಓದಿದ್ದು ವ್ಯರ್ಥ ಆಗುವುದಿಲ್ಲ, ಗಟ್ಟಿ ಕೋರ್ಸು ತಗೊಂಡಿದ್ದಾಳೆ ಅಂತ ಅರ್ಜಿಯಲ್ಲಿ ಕಾಣುತ್ತದೆ. ಅಷ್ಟೇ.

ನೀವು ಕೇಳಿದ ಸಿಕ್ಕು ನನ್ನ ಪ್ರಕಾರ ಇರುವುದು ಇಲ್ಲಿ. ಹದಿನಾರನೇ ವಯಸ್ಸಿಗೆ ಮಗಳ ಹೆಸರಿನಲ್ಲಿ ಕಾಲೇಜಿನ ದಾಖಲೆಯೊಂದು ಶುರುವಾಗುತ್ತದೆ. ಅದನ್ನು ಅಳಿಸುವ ರಬ್ಬರ್ ಇಲ್ಲ. ಮೊದಲ ಕ್ವಾರ್ಟರಿನಲ್ಲಿ ಎಡವಿದರೆ ಹೈಸ್ಕೂಲಿನ ಅಂಕಪಟ್ಟಿಗೂ ಅದೇ ಗ್ರೇಡು, ಕಾಲೇಜಿನ ಅಂಕಪಟ್ಟಿಗೂ ಅದೇ. ಮುಂದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವಾಗ ಹೈಸ್ಕೂಲಿನಲ್ಲಿದ್ದಾಗ ಓದಿದ ಕಾಲೇಜು ಕೋರ್ಸುಗಳನ್ನೂ ತೋರಿಸಬೇಕು. ನಮ್ಮವರಲ್ಲಿ ಮಕ್ಕಳನ್ನು ಡಾಕ್ಟರ್ ಮಾಡುವ ಆಸೆ ಇರುವವರು ಎಷ್ಟು ಮಂದಿ ಅಂತ ನಾನು ಹೇಳಬೇಕಿಲ್ಲ. ಕೈಮೀರುತ್ತಿದೆ ಅನಿಸಿದರೆ ಕೊನೇ ದಿನಾಂಕದೊಳಗೆ ಕೋರ್ಸಿನಿಂದ ಹೊರಬರುವುದೇ ವಾಸಿ. ಅಂಕಪಟ್ಟಿಯಲ್ಲಿ ಎಫ್‌ಗಿಂತ (ಫೇಲು) ಡಬ್ಲ್ಯೂ (ನಡುವೆ ಬಿಟ್ಟದ್ದು) ಎಷ್ಟೋ ಮೇಲು.

ಮತ್ತೆ, ಕಾಲೇಜಿನ ಕಡೆ ನಿಮಗೆ ಪ್ರವೇಶ ಇಲ್ಲ. ಫರ್ಪಾ ಅನ್ನುವ ಫೆಡರಲ್ ಕಾನೂನಿನ ಪ್ರಕಾರ ಕಾಲೇಜಿಗೆ ಸೇರಿದ ವಿದ್ಯಾರ್ಥಿಯ ದಾಖಲೆಯ ಹಕ್ಕು ವಿದ್ಯಾರ್ಥಿಯದೇ, ವಯಸ್ಸು ಹದಿನೆಂಟಕ್ಕಿಂತ ಕಡಿಮೆ ಇದ್ದರೂ. ಪೇರೆಂಟ್-ಟೀಚರ್ ಮೀಟಿಂಗ್ ಇರುವುದಿಲ್ಲ. ಪ್ರೊಫೆಸರಿಗೆ ನೀವು ಈಮೇಲ್ ಬರೆದರೆ ‘ನಿಮ್ಮ ಮಗಳೇ ಬಂದು ಮಾತಾಡಲಿ’ ಅನ್ನುವ ಉತ್ತರ ಬರುತ್ತದೆ. ಹೋಮ್‌ವರ್ಕ್ ಆಪನ್ನು ದಿನಾ ರಾತ್ರಿ ತೆರೆದು ನೋಡುವ ಅಭ್ಯಾಸ ನಿಮಗಿದ್ದರೆ ಕೈ ಕಟ್ಟಿಹಾಕಿದಂತೆ ಅನಿಸೀತು. ನನಗಂತೂ ಹಾಗೇ ಆಯಿತು.

ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ) ಕೋರ್ಸು ವಾಸಿಯಾ, ಇದು ವಾಸಿಯಾ? ಎಪಿಯಲ್ಲಿ ಕ್ರೆಡಿಟ್ ನಿಂತಿರುವುದು ಮೇ ತಿಂಗಳ ಒಂದೇ ಪರೀಕ್ಷೆಯ ಮೇಲೆ. ಇಲ್ಲಿ ಹನ್ನೊಂದು ವಾರದ ಕೆಲಸದ ಮೇಲೆ. ಪರೀಕ್ಷೆಯ ದಿನ ಕೈ ನಡುಗುವ ಮಕ್ಕಳಿಗೆ ಕಾಲೇಜು ಕೋರ್ಸು ಒಳ್ಳೆಯದು. ಬ್ಯಾಂಡು, ರೊಬೊಟಿಕ್ಸು, ಗೆಳತಿಯರು ಅಂತ ಹೈಸ್ಕೂಲಿಗೇ ಅಂಟಿಕೊಂಡಿರುವ ಮಕ್ಕಳಿಗೆ ಎಪಿ ಸರಿ. ಯೂನಿವರ್ಸಿಟಿ ಅರ್ಜಿಗೆ ಟೀಚರ್ ಶಿಫಾರಸು ಪತ್ರ ಬರೆಯಬೇಕಲ್ಲ, ಪೂರ್ತಿ ಕಾಲೇಜಿಗೇ ಹೋದರೆ ಅವಳನ್ನು ಚೆನ್ನಾಗಿ ಬಲ್ಲ ಟೀಚರ್ ಯಾರೂ ಉಳಿದಿರುವುದಿಲ್ಲ. ಇವೆರಡರ ನಡುವೆ ‘ಕಾಲೇಜ್ ಇನ್ ದ ಹೈಸ್ಕೂಲ್’ ಅಂತ ಇನ್ನೊಂದಿದೆ. ಕಾಲೇಜಿನ ಪಾಠವನ್ನು ಹೈಸ್ಕೂಲಿನ ಟೀಚರೇ ಅಲ್ಲೇ ಮಾಡುತ್ತಾರೆ. ರಾಜ್ಯದ ಸರ್ಕಾರಿ ಕಾಲೇಜು, ಯೂನಿವರ್ಸಿಟಿಗಳ ಮೂಲಕ ನಡೆಯುವ ಇಂಥ ಕೋರ್ಸುಗಳು 2023ರಿಂದ ಉಚಿತ.

ಬೇರೆ ರಾಜ್ಯದಲ್ಲಿರುವ ಓದುಗರಿಗೆ ಒಂದು ಮಾತು: ಹೆಸರು, ಲೆಕ್ಕ ಎರಡೂ ಬದಲಾಗುತ್ತವೆ. ಟೆಕ್ಸಸ್‌ನಲ್ಲಿ ಇದು ‘ಡ್ಯುಯಲ್ ಕ್ರೆಡಿಟ್’. ಕ್ಯಾಲಿಫೋರ್ನಿಯಾದಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, 3 ಸೆಮಿಸ್ಟರ್ ಯೂನಿಟ್‌ನ (ಅಲ್ಲಿ ಕ್ರೆಡಿಟ್ಟಿಗೆ ಯೂನಿಟ್ ಅನ್ನುತ್ತಾರೆ) ಕಾಲೇಜು ಕೋರ್ಸನ್ನು ಹೈಸ್ಕೂಲಿನ ಒಂದು ವರ್ಷದ ಪಾಠಕ್ಕೆ ಸಮ ಅಂತ ಹಿಡಿಯುತ್ತದೆ.

ನಿಮ್ಮ ಮಗಳಿಗೆ ನಾನು ಹೇಳುವುದಾದರೆ: ಮೊದಲ ಕ್ವಾರ್ಟರಿಗೆ ಒಂದೇ ಕೋರ್ಸು, ಅದೂ ಇಂಗ್ಲಿಷ್ 101. ಉಳಿದದ್ದು ಹೈಸ್ಕೂಲಿನಲ್ಲೇ ಇರಲಿ. ಕಾಲೇಜು ಶುರುವಾಗುವುದು ಸೆಪ್ಟೆಂಬರ್ ಕೊನೆಗೆ, ಅಷ್ಟರಲ್ಲಿ ಹೈಸ್ಕೂಲಿನ ಪಾಠ ಮೂರು ವಾರ ಮುಂದೆ ಹೋಗಿರುತ್ತದೆ. ಎರಡರ ರಜೆಗಳೂ ಎಲ್ಲ ಸಲ ಕೂಡಿಬರುವುದಿಲ್ಲ. ಊರಿಗೆ ಟಿಕೆಟ್ ಬುಕ್ ಮಾಡುವ ಮೊದಲು ಎರಡೂ ಕ್ಯಾಲೆಂಡರನ್ನು ಪಕ್ಕಪಕ್ಕ ಇಟ್ಟು ನೋಡಿ.