ಶುಗರ್ ನಾರ್ಮಲ್ ಇದ್ದರೂ ಬಿಪಿ ಇದ್ದವರ ಹೃದಯಕ್ಕೆ ಅಪಾಯ ಯಾಕೆ?

"ಬಿಪಿ ಗುಳಿಗಿ ನಡದದ, ಶುಗರ್ ನಾರ್ಮಲ್ ಅದ, ಮತ್ತೇನು ಚಿಂತಿ?" ಕಲಬುರಗಿಯ ಮನೆಗಳಲ್ಲಿ ಈ ಮಾತು ದಿನಾ ಕೇಳುತ್ತದೆ. ಆದರೆ ಶುಗರ್ ನಾರ್ಮಲ್ ಬಂದ ಮಾತ್ರಕ್ಕೆ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನಾದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಅಲ್ಲ. ಇದು ವೈದ್ಯರಿಗೆ ಗೊತ್ತಾಗುವುದಕ್ಕೇ ದಶಕಗಳು ಹಿಡಿದವು.

1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಸಿಕ್ಕಿತು. ಶುಗರ್ ಕಾಯಿಲೆ ಅಂದರೆ ಇನ್ಸುಲಿನ್ ಕೊರತೆ, ಅಷ್ಟೇ ಅಂತ ಆಗ ತಿಳಿದಿದ್ದರು. 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ರೋಗಿಗಳಿಗೆ ಗ್ಲೂಕೋಸ್ ಜೊತೆಗೇ ಇನ್ಸುಲಿನ್ ಕೊಟ್ಟು ನೋಡಿದರು. ಕೆಲವರಲ್ಲಿ ಸಕ್ಕರೆ ಹತೋಟಿಗೆ ಬಂತು, ಇನ್ನು ಕೆಲವರಲ್ಲಿ ಇನ್ಸುಲಿನ್ ಕೊಟ್ಟರೂ ಏರಿತು. ಅಂದರೆ ಇವರ ದೇಹ ಇನ್ಸುಲಿನ್ ಮಾತು ಸರಿಯಾಗಿ ಕೇಳುತ್ತಿರಲಿಲ್ಲ; ಇದಕ್ಕೇ ಇನ್ಸುಲಿನ್ ಪ್ರತಿರೋಧ ಅನ್ನುತ್ತಾರೆ. ಕಿವಿ ಮಂದ ಇದ್ದವರಿಗೆ ದನಿ ಎತ್ತಿ ಹೇಳಬೇಕಲ್ವಾ, ಹಾಗೆ ಇಂಥವರ ದೇಹ ಮೊದಮೊದಲು ಇನ್ಸುಲಿನ್ ಜಾಸ್ತಿ ಸುರಿಸಿ ಕೆಲಸ ಮಾಡಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ರಿಪೋರ್ಟಿನಲ್ಲಿ ಶುಗರ್ ನಾರ್ಮಲ್ಲೇ.

ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಅಂತ ಸರಿಯಾಗಿ ಅಳೆಯುವ ದಾರಿ ಸಿಕ್ಕಿದ್ದು 1960ರ ಹೊತ್ತಿಗೆ, ನ್ಯೂಯಾರ್ಕಿನ ರೋಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ಅವರಿಂದ. 1966ರಲ್ಲಿ ಬಿಪಿ ರೋಗಿಗಳಲ್ಲಿ ಇನ್ಸುಲಿನ್ ಜಾಸ್ತಿ ಇರುವುದು ಕಂಡಿತು. ಬೊಜ್ಜಿನಿಂದಲೇ ಹೀಗಾಗಿರಬಹುದು ಎಂಬ ಅನುಮಾನ ಉಳಿದೇ ಇತ್ತು. ಅದಕ್ಕೇ 1987ರ ಪರೀಕ್ಷೆ ನನಗೆ ದೊಡ್ಡದು. ಇಟಲಿಯ ಎಲೆ ಫೆರಾನ್ನಿನಿ ತಂಡ ಬೊಜ್ಜಿಲ್ಲದ, ಶುಗರ್ ಇಲ್ಲದ, ಚಿಕ್ಕ ವಯಸ್ಸಿನ ಬಿಪಿ ರೋಗಿಗಳನ್ನೇ ಆರಿಸಿಕೊಂಡಿತು. ಅವರಲ್ಲೂ ಇನ್ಸುಲಿನ್‌ನಿಂದ ದೇಹ ಬಳಸುವ ಗ್ಲೂಕೋಸ್ ಬಿಪಿ ಇಲ್ಲದವರಿಗಿಂತ ಸುಮಾರು ಶೇ 40ರಷ್ಟು ಕಡಿಮೆ ಇತ್ತು. ಮರುವರ್ಷ ಅಮೆರಿಕದ ಜೆರಾಲ್ಡ್ ರೀವನ್ ಇನ್ಸುಲಿನ್ ಪ್ರತಿರೋಧ, ಬಿಪಿ, ಏರಿದ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು), ಇಳಿದ ಒಳ್ಳೆಯ ಕೊಲೆಸ್ಟರಾಲ್ ಎಲ್ಲವನ್ನೂ ಜೋಡಿಸಿ 'ಸಿಂಡ್ರೋಮ್ ಎಕ್ಸ್' ಎಂದರು.

ಜಾಸ್ತಿಯಾದ ಇನ್ಸುಲಿನ್ ಸುಮ್ನೆ ಇರುವುದಿಲ್ಲ. ಕಿಡ್ನಿ ಉಪ್ಪು ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತದೆ, ನರಗಳನ್ನು ಕೆರಳಿಸುತ್ತದೆ. ರಕ್ತನಾಳ ಸಡಿಲಗೊಳ್ಳುವುದು ಕಡಿಮೆಯಾಗುತ್ತದೆ. ಒಳಗೋಡೆಯಲ್ಲಿ ಕೊಬ್ಬು ಕೂರುತ್ತದೆ. ಬಿಪಿ ಒಂದೇ ಇದ್ದವರಿಗಿಂತ, ಜೊತೆಗೆ ಇನ್ಸುಲಿನ್ ಪ್ರತಿರೋಧವೂ ಇದ್ದವರಿಗೆ ಹೃದಯಾಘಾತದ ಭಯ ಹೆಚ್ಚು.

ನಮ್ಮ ಜನರಿಗೆ ಇದು ಇನ್ನೂ ಹತ್ತಿರದ ಮಾತು. ಮೈ ತೆಳ್ಳಗೆ ಕಂಡರೂ ಹೊಟ್ಟೆ ಮುಂದೆ ಬಂದಿರುತ್ತದೆ. ಹಾಗಾಗಿ ದಕ್ಷಿಣ ಏಷ್ಯಾದವರಿಗೆ ಸೊಂಟದ ಸುತ್ತಳತೆಯ ಮಿತಿಯನ್ನು ಕಡಿಮೆ ಇಟ್ಟಿದ್ದಾರೆ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಟೇಲರ್ ಟೇಪು ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಬೇಕು, ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ಕತ್ತಿನ ಹಿಂದೆ ಕಪ್ಪಗೆ, ದಪ್ಪಗೆ, ಮುಟ್ಟಿದರೆ ಮಖಮಲ್ಲಿನಂತೆ ಆಗಿದೆಯಾ ನೋಡಿ. ಎಷ್ಟೋ ಮಂದಿ ಕೊಳೆ ಎಂದು ಉಜ್ಜುತ್ತಾರೆ. ಅದು ಬಹಳ ಸಲ ಇನ್ಸುಲಿನ್ ಪ್ರತಿರೋಧದ ಗುರುತು.

ಶೇಂಗಾ ಹಿಂಡಿ, ಉಪ್ಪಿನಕಾಯಿ, ಮಿರ್ಚಿ ಭಜಿಯ ಉಪ್ಪಿಗೆ ಕಡಿವಾಣ ಬೇಕೇ ಬೇಕು. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಜೋಳದ ರೊಟ್ಟಿ ಒಳ್ಳೆಯದು, ಆದರೆ ಅದರ ಮೇಲೆ ಅನ್ನದ ಗುಡ್ಡೆ ಬೇಡ. ಇನ್ಸುಲಿನ್ ಮಾತು ಕೇಳಿ ಗ್ಲೂಕೋಸನ್ನು ಹೆಚ್ಚಾಗಿ ಎಳೆದುಕೊಳ್ಳುವುದು ಮಾಂಸಖಂಡ. ಅದಕ್ಕೇ ನಡಿಗೆ ಮುಖ್ಯ. ಇಲ್ಲಿನ ಬ್ಯಾಸಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ನಸುಕಿನಲ್ಲೇ ಹೊರಡಿ. ಮುಂದಿನ ಸಲ ಬಿಪಿ ತೋರಿಸಲು ಹೋದಾಗ ಟ್ರೈಗ್ಲಿಸರೈಡ್, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) ಪರೀಕ್ಷೆ ಬೇಕಾ ಅಂತ ಕೇಳಿ. ಬಿಪಿಯ ಕೆಲವು ಗುಳಿಗೆಗಳೂ ಶುಗರ್ ಸ್ವಲ್ಪ ಏರಿಸಬಲ್ಲವು. ಹಾಗಂತ ನೀವಾಗಿಯೇ ಗುಳಿಗೆ ಬಿಡಬೇಡಿ, ಬದಲಿಸುವುದಿದ್ದರೆ ಡಾಕ್ಟರೇ ಬದಲಿಸಲಿ.