ವಸಡಿನ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುನ್ನ ಅಳತೆ ಕೇಳಿ

ವಸಡಿಗೆ ಆಪರೇಷನ್ ಬೇಕಾಗಬಹುದು ಎಂದರೆ ಕೆಲವರು ‘ಅದರ ಬದಲು ಹಲ್ಲನ್ನೇ ಕಿತ್ತುಬಿಡಿ ಡಾಕ್ಟರೇ’ ಎನ್ನುತ್ತಾರೆ. ಇನ್ನು ಕೆಲವರು ‘ಮಾಡಿಬಿಡಿ, ಮತ್ತೆ ಈ ಗೋಳು ಇರಬಾರದು’ ಎಂದು ಆ ಕ್ಷಣವೇ ಬಾಯಿ ತೆರೆದು ಕೂರುತ್ತಾರೆ. ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಎರಡನೆಯವರು. ಒಂದು ಸಲ ಕೊಯ್ದು ಹೊಲಿದರೆ ವಸಡಿನ ರೋಗ ಮುಗಿಯಿತು ಎಂದುಕೊಂಡವರು ಹೊಲಿಗೆ ಬಿಚ್ಚಿಸಿಕೊಂಡ ಮೇಲೆ ಇತ್ತ ತಲೆಹಾಕುವುದಿಲ್ಲ. ಕೆಲವು ವರ್ಷಗಳ ನಂತರ ಬರುವುದು ಹಲ್ಲು ಅಲುಗಾಡಿದಾಗ.

ಆರೋಗ್ಯವಂತ ಬಾಯಲ್ಲೂ ಹಲ್ಲಿಗೂ ವಸಡಿಗೂ ನಡುವೆ ಒಂದರಿಂದ ಮೂರು ಮಿಲಿಮೀಟರ್ ಆಳದ ಸಂದು ಇರುತ್ತದೆ. ಅಲ್ಲಿ ಪಾಚಿ ಕುಳಿತು, ಕಲ್ಲುಗಟ್ಟಿ, ಬ್ಯಾಕ್ಟೀರಿಯಾ ಬೇರೂರಿದರೆ ವಸಡು ಊದಿಕೊಳ್ಳುತ್ತದೆ, ಹಲ್ಲನ್ನು ಹಿಡಿದಿರುವ ದವಡೆಯ ಮೂಳೆ ನಿಧಾನವಾಗಿ ಕರಗುತ್ತದೆ, ಸಂದು ಆಳವಾಗುತ್ತ ಹೋಗುತ್ತದೆ. ಇದನ್ನೇ ನಾವು ಪಾಕೆಟ್ ಎನ್ನುವುದು. ಹುಳುಕು ಹಲ್ಲಿನಂತೆ ಇದು ರಾತ್ರಿ ನಿದ್ದೆಗೆಡಿಸುವುದಿಲ್ಲ. ಹಲ್ಲುಜ್ಜುವಾಗ ತುಸು ರಕ್ತ, ಬೆಳಿಗ್ಗೆ ಬಾಯಿವಾಸನೆ, ಅಷ್ಟೇ. ಬೀಡಿ, ಸಿಗರೇಟು ಸೇದುವವರಿಗೆ ರಕ್ತವೂ ಕಾಣಿಸದಿರಬಹುದು. ತಂಬಾಕು ರಕ್ತಸ್ರಾವವನ್ನು ಮರೆಮಾಚುತ್ತದೆ, ಒಳಗೆ ಮೂಳೆ ಮಾತ್ರ ಇನ್ನೂ ವೇಗವಾಗಿ ಹೋಗುತ್ತಿರುತ್ತದೆ.

ಈ ಆಳವನ್ನು ಕಣ್ಣಂದಾಜಿನಲ್ಲಿ ಹೇಳಲಾಗದು. ಮಿಲಿಮೀಟರ್ ಗುರುತುಗಳಿರುವ ತೆಳ್ಳನೆಯ ಪ್ರೋಬ್ ಇಳಿಸಿ ಪ್ರತಿ ಹಲ್ಲಿನ ಸುತ್ತ ಆರು ಕಡೆ ಅಳೆದು ಬರೆದಿಡಬೇಕು, ಜೊತೆಗೆ ಮೂಳೆಯ ಮಟ್ಟ ತೋರಿಸುವ ಎಕ್ಸ್‌ರೇ ಬೇಕು. ತಮ್ಮ ಬಿಪಿ ಎಷ್ಟು, ಶುಗರ್ ಎಷ್ಟು ಎಂದು ಥಟ್ಟನೆ ಹೇಳುವ ನಮ್ಮ ಜನ ಈ ಅಂಕಿಯನ್ನು ಕೇಳುವುದೇ ಇಲ್ಲ. ಕೇಳಿ. ಚಾರ್ಟಿನ ಒಂದು ಪ್ರತಿಯನ್ನೂ ಪಡೆದುಕೊಳ್ಳಿ.

ಅಳತೆ ಏಕೆ ಮುಖ್ಯವೆಂದರೆ, ವಸಡಿನ ರೋಗಕ್ಕೆ ಮೊದಲ ಚಿಕಿತ್ಸೆ ಕತ್ತಿಯಲ್ಲ. ಹಲ್ಲಿಗೆ ಕಟ್ಟಿದ ಕಲ್ಲನ್ನು ಕೆರೆದು ತೆಗೆಯುವ ಸ್ಕೇಲಿಂಗ್ ಮಾಡಿ, ಅರಿವಳಿಕೆ ಕೊಟ್ಟು ಬೇರಿನ ಮೇಲ್ಮೈಯನ್ನೂ ಶುಚಿಗೊಳಿಸಿ, ಹಲ್ಲುಜ್ಜುವ ಕ್ರಮವನ್ನು ತಿದ್ದಿ, ಆರು ವಾರದಿಂದ ಮೂರು ತಿಂಗಳವರೆಗೆ ಕಾಯಬೇಕು. ಸ್ಕೇಲಿಂಗ್‌ನಿಂದ ಹಲ್ಲು ಸಡಿಲವಾಗುತ್ತದೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಸಡಿಲವಾದದ್ದು ಮೂಳೆ ಹೋದಾಗಲೇ. ಅಲ್ಲಿಯವರೆಗೆ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿದ್ದ ಕಲ್ಲು ತೆಗೆದಾಗ ಅದು ಗೊತ್ತಾಗುತ್ತದೆ, ಅಷ್ಟೇ. ಕಾದ ಮೇಲೆ ಮತ್ತೆ ಅಳೆದರೆ ಬಹಳಷ್ಟು ಪಾಕೆಟ್‌ಗಳು ತಾವಾಗಿಯೇ ಕುಗ್ಗಿರುತ್ತವೆ, ಊತ ಇಳಿದು ವಸಡು ಹಲ್ಲನ್ನು ಬಿಗಿಯಾಗಿ ಹಿಡಿದಿರುತ್ತದೆ. ಆಗಲೂ ಆರು ಮಿಲಿಮೀಟರ್ ಅಥವಾ ಅದಕ್ಕಿಂತ ಆಳವಾಗಿ ಉಳಿದು, ಮುಟ್ಟಿದರೆ ರಕ್ತ ಬರುವ ಜಾಗಗಳಿಗೆ ಶಸ್ತ್ರಚಿಕಿತ್ಸೆಯ ಮಾತು. ಅಷ್ಟು ಆಳದಲ್ಲಿ, ಅದರಲ್ಲೂ ದವಡೆ ಹಲ್ಲಿನ ಬೇರುಗಳು ಕವಲೊಡೆಯುವಲ್ಲಿ, ನಮ್ಮ ಉಪಕರಣ ಕುರುಡಾಗಿ ಕೆಲಸ ಮಾಡುತ್ತದೆ. ಮೊದಲ ಭೇಟಿಯಲ್ಲೇ, ಅಳತೆ ಬರೆಯದೆ, ಇಡೀ ಬಾಯಿಗೆ ಫ್ಲ್ಯಾಪ್ ಸರ್ಜರಿ ಎಂದು ಅಂದಾಜು ಪಟ್ಟಿ ಕೈಗಿಟ್ಟರೆ ಇನ್ನೊಬ್ಬ ವಸಡು ತಜ್ಞರನ್ನು ಕಾಣಿರಿ.

ಫ್ಲ್ಯಾಪ್ ಎಂಬುದು ಹೆಸರಿಗೆ ಭಯಂಕರ. ಸ್ಥಳೀಯ ಅರಿವಳಿಕೆಯಲ್ಲಿ, ಸಾಮಾನ್ಯವಾಗಿ ಬಾಯಿಯ ಒಂದು ಭಾಗಕ್ಕೆ ಒಂದು ಸಲದಂತೆ, ವಸಡನ್ನು ಪುಸ್ತಕದ ಹಾಳೆಯಂತೆ ಹಿಂದಕ್ಕೆ ಸರಿಸಿ, ಬೇರನ್ನು ಕಣ್ಣಾರೆ ನೋಡುತ್ತ ಶುಚಿಗೊಳಿಸಿ, ಮತ್ತೆ ಕೂರಿಸಿ ಹೊಲಿಯುತ್ತೇವೆ. ಒಂದರಿಂದ ಒಂದೂವರೆ ಗಂಟೆಯ ಕೆಲಸ. ಅಂದೇ ಮನೆಗೆ ಹೋಗಬಹುದು. ಹೊಲಿಗೆ ತೆಗೆಯುವುದು ವಾರ, ಹತ್ತು ದಿನಕ್ಕೆ.

‘ಮೂಳೆ ಹಾಕುತ್ತೀರಂತಲ್ಲ?’ ಎಂಬ ಪ್ರಶ್ನೆಗೆ ಮಾತ್ರ ತುಸು ವಿವರ ಬೇಕು. ಮೂಳೆ ಸುತ್ತಲೂ ಒಂದೇ ಸಮನೆ ತಗ್ಗಿದ್ದರೆ ಅದನ್ನು ಮತ್ತೆ ಏರಿಸುವ ಭರವಸೆಯನ್ನು ಯಾರೂ ಕೊಡಬಾರದು. ಹಲ್ಲಿನ ಪಕ್ಕದಲ್ಲಿ ಕಿರಿದಾದ, ಆಳವಾದ ಗುಂಡಿ ಬಿದ್ದು ಸುತ್ತ ಮೂಳೆಯ ಗೋಡೆಗಳು ಉಳಿದಿದ್ದರೆ ಗ್ರಾಫ್ಟ್, ಅಂದರೆ ಆ ಗುಂಡಿಗೆ ಪುಡಿ ತುಂಬುವುದು, ಫಲ ಕೊಡುತ್ತದೆ. ಗ್ರಾಫ್ಟ್ ಪುಡಿ ಕೃತಕವಾಗಿರಬಹುದು, ದಾನವಾಗಿ ಬಂದ ಮಾನವ ಮೂಳೆಯದ್ದಾಗಿರಬಹುದು, ದನದ ಮೂಳೆಯಿಂದ ತಯಾರಾದದ್ದೂ ಇರಬಹುದು. ಅದರ ಮೇಲೆ ಹೊದಿಸುವ ಕೊಲಾಜನ್ ಪೊರೆ ದನ, ಹಂದಿ ಅಥವಾ ಮೀನಿನ ಮೂಲದ್ದಿರಬಹುದು. ಮೊಟ್ಟೆಯನ್ನೂ ಮುಟ್ಟದ ಕುಟುಂಬಗಳು, ಧಾರ್ಮಿಕ ನಿರ್ಬಂಧ ಇರುವವರು ನಮ್ಮಲ್ಲಿ ಬಹಳ. ಇದನ್ನು ವೈದ್ಯರು ತಾವಾಗಿ ಹೇಳಬೇಕು. ಹೇಳದಿದ್ದರೆ ನೀವು ಕೇಳಿ, ಸಂಕೋಚ ಬೇಡ, ಕೃತಕ ಪುಡಿಯೂ ನಿಮ್ಮದೇ ರಕ್ತದಿಂದ ಮಾಡುವ ಫೈಬ್ರಿನ್ ಪೊರೆಯೂ ಇವೆ. ಇನ್ನು ಲೇಸರ್ ಎಂದರೆ ಅದೊಂದು ಉಪಕರಣ. ಕೆಲವೆಡೆ ಅನುಕೂಲ, ಆದರೆ ಕತ್ತಿಗಿಂತ ಮೇಲು ಎಂಬ ಜಾಹೀರಾತಿಗೆ ಗಟ್ಟಿ ಪುರಾವೆ ಇಲ್ಲ.

ವಾಸಿಯಾದ ಮೇಲಿನ ದೂರುಗಳು ನನಗೆ ಬಾಯಿಪಾಠ. ‘ಹಲ್ಲು ಉದ್ದವಾಗಿಬಿಟ್ಟಿತು, ಸಂದಿಯಲ್ಲಿ ಕಪ್ಪು ಕಿಂಡಿ ಕಾಣುತ್ತಿದೆ, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ.’ ಊತದಿಂದ ಮೇಲೆದ್ದಿದ್ದ ವಸಡು ಇಳಿದು, ಉಳಿದಿರುವ ಮೂಳೆಯ ಹತ್ತಿರಕ್ಕೆ ಸರಿದಿರುತ್ತದೆ. ಪಾಕೆಟ್ ಮುಚ್ಚುವ ಬಗೆಯೇ ಅದು. ಜುಮ್ಮೆನ್ನುವುದು ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ತಗ್ಗುತ್ತದೆ. ಕಿಂಡಿ ಹೆಚ್ಚಾಗಿ ಹಾಗೆಯೇ ಉಳಿಯುತ್ತದೆ. ಮುಂಭಾಗದ ಹಲ್ಲಾದರೆ ಇದನ್ನು ಮೊದಲೇ ಕನ್ನಡಿ ಹಿಡಿದು ಮಾತಾಡಿಕೊಳ್ಳಬೇಕು.

ನೀವು ನುಂಗುವ ಮಾತ್ರೆಗಳ ಚೀಟಿಯನ್ನು ತಪ್ಪದೆ ತನ್ನಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಹಲ್ಲಿನ ಕೆಲಸವಿದೆ ಎಂದು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಹೃದಯಕ್ಕೆ ಆಗುವ ಅಪಾಯ ವಸಡಿನ ರಕ್ತಸ್ರಾವಕ್ಕಿಂತ ದೊಡ್ಡದು. ಬಿಪಿಗೆ ಕೊಡುವ ಆಮ್ಲೋಡಿಪಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ವಸಡನ್ನೇ ಉಬ್ಬಿಸಿ ಬೆಳೆಸುತ್ತವೆ. ಅಂಥವರಿಗೆ ಕತ್ತಿಗಿಂತ ಮೊದಲು ಫಿಜಿಷಿಯನ್ ಜೊತೆ ಮಾತ್ರೆ ಬದಲಿಸುವ ಚರ್ಚೆ ಆಗಬೇಕು. ಮೂಳೆ ಸವೆತಕ್ಕೆ ಜೋಲೆಡ್ರೋನಿಕ್ ಆಮ್ಲದ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅದನ್ನು ಮುಚ್ಚಿಡಬೇಡಿ, ದವಡೆಯ ಮೂಳೆ ಗುಣವಾಗುವುದಕ್ಕೂ ಅದಕ್ಕೂ ಸಂಬಂಧವಿದೆ. ಮಧುಮೇಹಿಗಳಲ್ಲಿ ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8 ದಾಟಿದ್ದರೆ ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ನಾನು ಮುಂದೂಡುತ್ತೇನೆ. ಇತ್ತ ವಸಡು ಸರಿಹೋದರೆ ಶುಗರ್ ಕೂಡ ತುಸು ಹತೋಟಿಗೆ ಬರುತ್ತದೆ. ತಂಬಾಕು ಬಿಡುವುದಿಲ್ಲ ಎನ್ನುವವರಿಗೆ ಗ್ರಾಫ್ಟ್ ಹಾಕಲು ನನಗೆ ಮನಸ್ಸಿಲ್ಲ. ಅವರ ದುಡ್ಡು ವ್ಯರ್ಥ.

ಶಸ್ತ್ರಚಿಕಿತ್ಸೆಯಾದ ಮೊದಲ ದಿನ ಉಗುಳಬೇಡಿ, ಸ್ಟ್ರಾ ಹಾಕಿ ಹೀರಬೇಡಿ. ರಕ್ತ ಜಿನುಗಿದರೆ ಒದ್ದೆ ಗಾಜ್ ಬಟ್ಟೆಯನ್ನು ಹದಿನೈದಿಪ್ಪತ್ತು ನಿಮಿಷ ಒತ್ತಿ ಹಿಡಿಯಿರಿ, ನಿಲ್ಲದಿದ್ದರೆ ಫೋನ್ ಮಾಡಿ. ಊಟದ ವಿಷಯದಲ್ಲಿ ಹಳೇ ಮೈಸೂರಿನವರು ಪುಣ್ಯವಂತರು. ಆರಿದ ರಾಗಿಮುದ್ದೆಯನ್ನು ಅಗಿಯುವ ಗೋಜೇ ಇಲ್ಲ, ಸಾರಿಗೆ ಖಾರ ಕಡಿಮೆ ಇದ್ದರಾಯಿತು. ಉತ್ತರ ಕರ್ನಾಟಕದವರು ಕಟಕ್ ರೊಟ್ಟಿಯನ್ನು ಎರಡು ವಾರ ಮರೆತು ಮಜ್ಜಿಗೆ, ಮೆತ್ತನ್ನದಲ್ಲಿ ಕಳೆಯಬೇಕು. ಹೊಲಿಗೆ ಹಾಕಿದ ಜಾಗದಲ್ಲಿ ಬ್ರಷ್ ಆಡಿಸಬಾರದು, ಬದಲಿಗೆ 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್‌ನಿಂದ ದಿನಕ್ಕೆರಡು ಸಲ ಬಾಯಿ ಮುಕ್ಕಳಿಸಬೇಕು. ರುಚಿ ಕೆಡುತ್ತದೆ, ಹಲ್ಲಿಗೆ ಕಂದು ಬಣ್ಣ ಕೂರುತ್ತದೆ, ಕಾಫಿ ಪ್ರಿಯರಿಗೆ ಇನ್ನೂ ಹೆಚ್ಚು. ಆ ಕಲೆಯನ್ನು ನಾವು ತೆಗೆಯುತ್ತೇವೆ.

ಖರ್ಚಿನ ಅಂಜಿಕೆ ಇದ್ದರೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂಥ ಬೋಧನಾ ಆಸ್ಪತ್ರೆಗಳಿಗೆ ಹೋಗಿ. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಇದೇ ಚಿಕಿತ್ಸೆಯನ್ನು ಕಡಿಮೆ ವೆಚ್ಚದಲ್ಲಿ ಮಾಡುತ್ತಾರೆ. ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ.

ಚಿಕಿತ್ಸೆಯ ನಂತರ ಮೂರು ತಿಂಗಳಿಗೊಮ್ಮೆ ಬಂದು ಅಳೆಸಿ, ಶುಚಿ ಮಾಡಿಸಿಕೊಳ್ಳಬೇಕು. ಸ್ಥಿತಿ ಸ್ಥಿರವಾಗಿದ್ದರೆ ಈ ಅಂತರವನ್ನು ಆರು ತಿಂಗಳಿಗೆ ಹಿಗ್ಗಿಸಬಹುದು. ಮನೆಯಲ್ಲಿ ಮಾಮೂಲಿ ಬ್ರಷ್ ಸಾಲದು, ಅಗಲವಾದ ಸಂದಿಗಳಿಗೆ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ಬೇಕು. ಅದರ ಗಾತ್ರವನ್ನು ಅಂಗಡಿಯಲ್ಲಿ ಊಹಿಸಿ ಕೊಳ್ಳಬೇಡಿ. ತೀರಾ ಸಣ್ಣದಾದರೆ ಪಾಚಿಗೆ ತಾಗುವುದಿಲ್ಲ, ದೊಡ್ಡದನ್ನು ತುರುಕಿದರೆ ವಸಡಿಗೆ ಗಾಯ. ಒಂದೇ ಬಾಯಿಗೆ ಎರಡು ಮೂರು ಗಾತ್ರ ಬೇಕಾಗುವುದೂ ಉಂಟು, ಹೊಲಿಗೆ ಬಿಚ್ಚಿಸಲು ಬಂದಾಗ ಯಾವ ಸಂದಿಗೆ ಯಾವುದು ಎಂದು ಕೇಳಿ ಬರೆಸಿಕೊಳ್ಳಿ.